ಬಿಲ್ ತೀರಿತು, ಬಡಿಸಿದವರ ಲೆಕ್ಕ ಬಾಕಿ

ಹೋಟೆಲ್ ಬಿಲ್‌ಗೆ ಸರ್ವಿಸ್ ಚಾರ್ಜ್ ಅನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲ ಎಂದು ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ತೀರ್ಪು ಕೊಟ್ಟಿತು. ಕೇಂದ್ರ ಗ್ರಾಹಕರ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಪ್ರಶ್ನಿಸಿ ರೆಸ್ಟೊರೆಂಟ್ ಮಾಲೀಕರ ಸಂಘಟನೆಗಳು ಕೋರ್ಟ್ ಮೆಟ್ಟಿಲೇರಿದ್ದವು. ಆ ಅರ್ಜಿಗಳು ವಜಾ ಆದವು. ನಮ್ಮ ಕಾಲೇಜು ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ‘ಹತ್ತು ಪರ್ಸೆಂಟ್ ಉಳೀತು ಮಗಾ’ ಎಂಬ ಸಂಭ್ರಮ. ಖುಷಿ ನನಗೂ ಆಯಿತು. ಆದರೆ ನಾನು ಗಿರಾಕಿಯಷ್ಟೇ ಅಲ್ಲ, ಬಡಿಸುವವನೂ ಹೌದು. ಬಿ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ, ಸಂಜೆ ಹೊತ್ತು ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದೇನೆ. ಹಾಗಾಗಿ ಈ ತೀರ್ಪನ್ನು ಟೇಬಲ್ಲಿನ ಎರಡೂ ಬದಿಯಿಂದ ನೋಡಬೇಕಾಯಿತು.

ಮೊದಲಿಗೆ, ತೀರ್ಪು ಸರಿಯಾಗಿಯೇ ಇದೆ. ನಮ್ಮಲ್ಲಿ ಅನೇಕರು ಸರ್ವಿಸ್ ಚಾರ್ಜ್ ಎಂದರೆ ಒಂದು ಬಗೆಯ ತೆರಿಗೆ ಎಂದುಕೊಂಡಿದ್ದರು. ಸಾಮಾನ್ಯ ರೆಸ್ಟೊರೆಂಟ್ ಬಿಲ್ಲಿನ ಶೇ 5ರ ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತದೆ. ಸರ್ವಿಸ್ ಚಾರ್ಜ್ ಹಾಗಲ್ಲ, ಅದು ಹೋಗುವುದು ಹೋಟೆಲಿನ ಖಾತೆಗೆ. ಅಲ್ಲಿಂದ ಬಡಿಸಿದವರ ಕೈಗೆ ಎಷ್ಟು ಬರುತ್ತದೆ ಎನ್ನುವುದು ಮಾಲೀಕರ ಮನಸ್ಸಿಗೆ ಬಿಟ್ಟಿದ್ದು. ‘ಈ ಹಣ ಸಿಬ್ಬಂದಿಗೆ ಸೇರುತ್ತದೆ’ ಎಂಬುದೇ ಮಾಲೀಕರು ಮುಂದಿಟ್ಟ ಮುಖ್ಯ ಸಮರ್ಥನೆ. ಅದು ನಿಜವಾದರೆ, ಇನ್ನು ಮುಂದೆ ಆ ಕೊರತೆಯನ್ನು ತುಂಬುವವರು ಯಾರು? ಕೋರ್ಟ್ ಮುಂದಿದ್ದದ್ದು ಗ್ರಾಹಕರ ಹಕ್ಕಿನ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತು. ಬಡಿಸುವವರ ಪಾಲಿನ ಪ್ರಶ್ನೆ ಹಾಗೇ ಉಳಿಯಿತು.

ಬ್ರಿಟನ್ ಈ ಎರಡನೇ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿದೆ. 2023ರಲ್ಲಿ ಅಲ್ಲಿ ಟಿಪ್ಸ್ ಹಂಚಿಕೆಗೆಂದೇ ಕಾಯ್ದೆ ಮಾಡಿದರು, 2024ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಗಿರಾಕಿ ಕಾರ್ಡ್‌ನಲ್ಲಿ ಕೊಟ್ಟ ಟಿಪ್ಸ್ ಆಗಲಿ, ಬಿಲ್ಲಿನಲ್ಲಿ ಸೇರಿಸಿದ ಸರ್ವಿಸ್ ಚಾರ್ಜ್ ಆಗಲಿ, ಮಾಲೀಕರು ತಮ್ಮ ಪಾಲು ಹಿಡಿದುಕೊಳ್ಳದೆ ಕೆಲಸಗಾರರಿಗೆ ನ್ಯಾಯವಾಗಿ ಹಂಚಬೇಕು. ಹೇಗೆ ಹಂಚುತ್ತೇವೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅಮೆರಿಕದ್ದು ಇದಕ್ಕೆ ವಿರುದ್ಧವಾದ ದಾರಿ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಅಲ್ಲಿನ ಕೇಂದ್ರ ಕಾನೂನು ಹೇಳುವ ಕನಿಷ್ಠ ನಗದು ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಸಂಬಳದ ಭಾರವನ್ನು ಗಿರಾಕಿಯ ಜೇಬಿಗೆ ದಾಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದು ಉದಾಹರಣೆ. ನಮಗೆ ಆ ದಾರಿ ಬೇಡ.

ಸರ್ವಿಸ್ ಚಾರ್ಜ್ ದೊಡ್ಡ ರೆಸ್ಟೊರೆಂಟ್‌ಗಳ ಮಾತಾಯಿತು. ನಾನು ಕೆಲಸ ಮಾಡುವಂಥ ಊಟದ ಹೋಟೆಲುಗಳಲ್ಲಿ ಅದು ಎಂದೂ ಇರಲಿಲ್ಲ. ಇಲ್ಲಿದ್ದದ್ದು ಸೋಂಪಿನ ತಟ್ಟೆಯಲ್ಲಿ ಬಿಡುತ್ತಿದ್ದ ಐದು, ಹತ್ತು ರೂಪಾಯಿ ಚಿಲ್ಲರೆ. ಈಗ ಗಿರಾಕಿ ಕೌಂಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬಿಲ್ಲಿಗೆ ಸರಿಯಾಗಿ ನೂರಾ ನಲವತ್ತೇಳು ರೂಪಾಯಿ ಕಳಿಸಿ ಹೊರಡುತ್ತಾನೆ. ಚಿಲ್ಲರೆಯೇ ಇಲ್ಲದ ಮೇಲೆ ಬಿಟ್ಟುಹೋಗುವುದೇನು? ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ನಮ್ಮ ಜತೆಯ ಹಿರಿಯ ಸಪ್ಲೈಯರ್ ಅಣ್ಣನ ಬಸ್ ಚಾರ್ಜು ಮತ್ತು ಸಂಜೆಯ ಚಹಾ ಅದರಲ್ಲೇ ಆಗುತ್ತಿತ್ತು. ಈಗ ಅದೂ ಸಂಬಳದಿಂದಲೇ ಹೋಗಬೇಕು.

ಹಾಗಾದರೆ ಉತ್ತರ ಸಂಬಳದಲ್ಲೇ ಇರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಎಲ್ಲ ಕಾರ್ಮಿಕರಿಗೂ ಕನಿಷ್ಠ ವೇತನ, ನೇಮಕಾತಿ ಪತ್ರ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎನ್ನುತ್ತವೆ. ಓದಲು ಚೆನ್ನಾಗಿದೆ. ನಾನು ಕೆಲಸಕ್ಕೆ ಸೇರಿದ್ದು ಮಾತ್ರ ‘ನಾಳೆಯಿಂದ ಬಾ’ ಎಂಬ ಒಂದೇ ಮಾತಿನ ಮೇಲೆ. ನನ್ನ ಜತೆಯವರಲ್ಲೂ ನೇಮಕಾತಿ ಪತ್ರ ಕಂಡವರಿಲ್ಲ. ಕಾಗದವಿಲ್ಲದವನು ಕಾರ್ಮಿಕ ಇಲಾಖೆಗೆ ಹೋದರೂ ಏನು ತೋರಿಸಬೇಕು? ಕುಳಿತುಕೊಳ್ಳುವ ವಿಷಯವೂ ಹಾಗೇ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ನಿಂತೇ ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕು ಎಂದವು. ರಾತ್ರಿ ರೂಮಿಗೆ ಬಂದು ಪುಸ್ತಕ ತೆರೆದಾಗ ನನ್ನ ಪಾದಗಳು ಈ ಕಾನೂನನ್ನು ನೆನೆಯುತ್ತವೆ.

ಇದು ‘ಸ್ಕಿಲ್’ ಬೇಡದ ಕೆಲಸ ಎಂದು ಹಲವರ ಲೆಕ್ಕ. ಆರು ಟೇಬಲ್ಲಿನ ಆರ್ಡರ್ ಬಾಯಲ್ಲೇ ನೆನಪಿಟ್ಟು, ಯಾರಿಗೆ ಸಾಂಬಾರ್ ಅದ್ದಿ, ಯಾರಿಗೆ ಬೇರೆ, ಯಾರದು ಬೈ ಟೂ ಕಾಫಿ ಎಂಬುದನ್ನು ತಪ್ಪಿಸದೆ, ಒಂದೇ ಕೈಯಲ್ಲಿ ನಾಲ್ಕು ಪ್ಲೇಟು ಹಿಡಿದು ಜನರ ನಡುವೆ ನುಸುಳುವುದನ್ನು ಒಮ್ಮೆ ಮಾಡಿ ನೋಡಿ. ಸಂದರ್ಶನದಲ್ಲಿ ಕೇಳುವ ಟೈಮ್ ಮ್ಯಾನೇಜ್‌ಮೆಂಟ್, ಟೀಮ್ ವರ್ಕ್ ಎಲ್ಲ ಇಲ್ಲಿ ದಿನವೂ ಪರೀಕ್ಷೆಗೆ ಬೀಳುತ್ತವೆ. ಹೋಟೆಲಿನಲ್ಲಿ ಬಡಿಸುತ್ತಾ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕರಾವಳಿ ಹುಡುಗರ ದೊಡ್ಡ ಪರಂಪರೆಯೇ ಮುಂಬೈಯಲ್ಲಿದೆ. ಓದು ಮತ್ತು ಈ ಕೆಲಸ ಜತೆಯಾಗಿ ನಡೆದದ್ದು ನಮ್ಮ ಕಾಲದಲ್ಲೇನೂ ಮೊದಲಲ್ಲ.

ಬಡಿಸುವವರೇ ಮಾಲೀಕರಾದ ಉದಾಹರಣೆಯೂ ನಮ್ಮಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಳ್ಳಲಿದ್ದ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಇಂಡಿಯನ್ ಕಾಫಿ ಹೌಸ್‌ನಲ್ಲಿ ಪೇಟ ತೊಟ್ಟು ಕಾಫಿ ತಂದಿಡುವವರು ಆ ಸಂಸ್ಥೆಯ ಪಾಲುದಾರರೂ ಆಗಿರುವುದು ಹೀಗೆ.

ಎಲ್ಲ ಹೋಟೆಲುಗಳೂ ಸಹಕಾರ ಸಂಘವಾಗಬೇಕಿಲ್ಲ. ಸೇರಿದ ದಿನ ಕೈಗೊಂದು ಪತ್ರ, ವಾರಕ್ಕೊಂದು ರಜೆ, ಮೂಲೆಯಲ್ಲೊಂದು ಸ್ಟೂಲು ಇದ್ದರೆ ಸಾಕಷ್ಟು ದೂರ ಬಂದಂತೆ. ಪಾರ್ಟ್ ಟೈಮ್ ಕೆಲಸಕ್ಕೆ ಸೇರುವ ಗೆಳೆಯರೇ, ಮೊದಲ ದಿನವೇ ಆ ಪತ್ರ ಕೇಳಿ. ನಾನೂ ಈ ತಿಂಗಳು ಕೇಳುವವನಿದ್ದೇನೆ. ಗಿರಾಕಿಗಳಾಗಿ ಬಂದಾಗ ಚಿಟಿಕೆ ಹೊಡೆದು ಕರೆಯಬೇಡಿ, ‘ಅಣ್ಣಾ’ ಎಂದರೆ ಸಾಕು, ಕೇಳಿಸುತ್ತದೆ. ಸರ್ವಿಸ್ ಚಾರ್ಜ್ ಕೊಡುವುದು, ಬಿಡುವುದು ನಿಮ್ಮ ಹಕ್ಕು. ಕೊಡುವ ಮನಸ್ಸಾದರೆ ಮಾತ್ರ ಬಡಿಸಿದವರ ಕೈಗೇ ಕೊಡಿ.