ತಂತ್ರಾಂಶದಲ್ಲಿ ಪಾತ್ರ ಯಾರದು?

ಬಂದರಿನ ಸಗಟು ಅಂಗಡಿಗಳ ದಿನವಹಿ, ರೋಕಡ, ಖಾತೆ ಪುಸ್ತಕಗಳು ಕೈಬರಹದಲ್ಲಿದ್ದ ಕಾಲದಲ್ಲಿ ಒಂದು ಅನುಕೂಲವಿತ್ತು. ಜಮೆ ಬರೆದವರು ಯಾರು, ತಿದ್ದಿದವರು ಯಾರು ಎಂಬುದನ್ನು ಅಕ್ಷರವೇ ಹೇಳುತ್ತಿತ್ತು. ಗಣಕಯಂತ್ರ ಬಂದ ಮೇಲೆ ಎಲ್ಲರ ಅಕ್ಷರವೂ ಒಂದೇ ಆಯಿತು. ಕಳೆದುಹೋದ ಆ ಗುರುತನ್ನು ಮರಳಿ ಪಡೆಯಬೇಕಾದರೆ, ತಂತ್ರಾಂಶವನ್ನು ರೂಪಿಸುವ ಮೊದಲೇ ಬಳಕೆದಾರರ ಪಾತ್ರಗಳನ್ನು ನಿಗದಿಪಡಿಸುವುದು ಅವಶ್ಯ.

ತಂತ್ರಾಂಶ ಸಂಸ್ಥೆಯವರು ಅಗತ್ಯಗಳನ್ನು ಕೇಳಲು ಬಂದಾಗ ಮಾಲೀಕರು ಸಾಮಾನ್ಯವಾಗಿ ನೌಕರರ ಪಟ್ಟಿಯನ್ನು ಕೊಡುತ್ತಾರೆ: ಮ್ಯಾನೇಜರ್ ಒಬ್ಬರು, ರೈಟರು ಇಬ್ಬರು, ಗೋದಾಮಿಗೆ ಒಬ್ಬರು. ಸಂಬಳ ಬಟವಾಡೆಗೆ ಇದು ಸಾಕು, ತಂತ್ರಾಂಶಕ್ಕೆ ಸಾಲದು. ಸ್ವೀಡನ್ನಿನ ಐವಾರ್ ಜಾಕಬ್ಸನ್ 1980ರ ದಶಕದಲ್ಲಿ 'ಯೂಸ್ ಕೇಸ್' ವಿಧಾನವನ್ನು ರೂಪಿಸಿದಾಗ, ವ್ಯವಸ್ಥೆಯ ಹೊರಗೆ ನಿಂತು ಅದರೊಡನೆ ವ್ಯವಹರಿಸುವವರಿಗೆ 'ಆ್ಯಕ್ಟರ್' ಎಂಬ ಹೆಸರಿಟ್ಟರು. ಅದು ಸೂಚಿಸುವುದು ವ್ಯಕ್ತಿಯನ್ನಲ್ಲ, ಪಾತ್ರವನ್ನು. ಒಂದೇ ರಾತ್ರಿಯ ಆಟದಲ್ಲಿ ಒಬ್ಬನೇ ಕಲಾವಿದ ಎರಡು ವೇಷ ಕಟ್ಟುವುದನ್ನು ಕಂಡಿರುವ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಕ್ಕಿಯ ಅಂಗಡಿಯೊಂದನ್ನು ಗಮನಿಸಬಹುದು. ಬೆಳಿಗ್ಗೆ ಲಾರಿಯ ತೂಕ ಬರೆದುಕೊಳ್ಳುವ ರೈಟರೇ ಮಧ್ಯಾಹ್ನ ಬಿಲ್ ಮಾಡುತ್ತಾನೆ, ಸಂಜೆ ಹಳೆಯ ಬಾಕಿ ವಸೂಲು ಮಾಡಿ ಬರುತ್ತಾನೆ. ವ್ಯಕ್ತಿ ಒಬ್ಬ, ಪಾತ್ರ ಮೂರು. ಬಾಕಿಯಲ್ಲಿ ರಿಯಾಯಿತಿ ಕೊಡುವುದು ನಾಲ್ಕನೆಯ ಪಾತ್ರ. ಅದನ್ನು ವಸೂಲಿಯ ಜೊತೆಗೆ ಸೇರಿಸಿದರೆ ಹಣ ಪಡೆದು ರಿಯಾಯಿತಿ ಎಂದು ಬರೆಯಲು ದಾರಿಯಾಗುತ್ತದೆ. ಮೂವರೇ ಇರುವ ಅಂಗಡಿಯಲ್ಲಿ ಪಾತ್ರಕ್ಕೊಬ್ಬರನ್ನು ನೇಮಿಸುವುದು ಆಗದ ಮಾತು, ನಿಜ. ಆದರೆ ಯಾವ ಕೆಲಸ ಯಾವ ಪಾತ್ರದಲ್ಲಿ ನಡೆಯಿತೆಂದು ದಾಖಲಿಸಲು, ರಿಯಾಯಿತಿಗೆ ಮಾಲೀಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಲು ಹೆಚ್ಚಿನ ಜನ ಬೇಕಾಗಿಲ್ಲ.

ಅಂಗಡಿಯ ಹೊರಗಿನ ಪಾತ್ರಗಳು ಇನ್ನೂ ಸುಲಭವಾಗಿ ಮರೆತುಹೋಗುತ್ತವೆ. ಲಕ್ಷದ್ವೀಪದ ಮಂಜಿಗೆ ಸರಕು ಏರಿದಾಗ ಮೂಟೆಗಳ ಎಣಿಕೆಯನ್ನು ಒಪ್ಪಿಕೊಳ್ಳುವ ತಂಡೇಲನು ಗಣಕಯಂತ್ರವನ್ನು ಮುಟ್ಟುವುದೇ ಇಲ್ಲ. ಅವನ ಒಪ್ಪಿಗೆಯಿಲ್ಲದೆ ಲೆಕ್ಕವೂ ಮುಗಿಯದು. ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಜಾರಿಗೆ ಬಂದ ಇ-ವೇ ಬಿಲ್ಲಿನಲ್ಲಿ ಈ ವಿಂಗಡಣೆ ಸ್ಪಷ್ಟವಾಗಿದೆ. ಸರಕಿನ ವಿವರ 'ಎ' ಭಾಗದಲ್ಲಿ, ವಾಹನದ ವಿವರ 'ಬಿ' ಭಾಗದಲ್ಲಿ. ಎರಡನೆಯದನ್ನು ಸಾಗಣೆದಾರರೂ ತುಂಬಬಹುದು. ಉಪ ಬಳಕೆದಾರರನ್ನು ಸೃಷ್ಟಿಸಿ ಅವರವರ ಕೆಲಸಕ್ಕೆ ತಕ್ಕಷ್ಟೇ ಅಧಿಕಾರ ಕೊಡುವ ಸೌಲಭ್ಯವೂ ಇದೆ. ಸರ್ಕಾರಿ ತಂತ್ರಾಂಶವನ್ನು ಹೊಗಳುವ ಸಂದರ್ಭ ವರ್ತಕರಿಗೆ ಅಪರೂಪ, ಇದು ಅಂಥದ್ದು. ಆದರೂ ಮಾಲೀಕರ ಪಾಸ್‌ವರ್ಡನ್ನೇ ಅಂಗಡಿಯವರೆಲ್ಲ ಬಳಸುವ ರೂಢಿ ಬಿಟ್ಟಿಲ್ಲ.

ತಿದ್ದುಪಡಿಗಳ ಜಾಡನ್ನು ದಾಖಲಿಸುವ ತಂತ್ರಾಂಶ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಅಂಗಡಿಗಳಿಗೆ ಈ ನಿಯಮ ಅನ್ವಯಿಸದೆಂದು ವರ್ತಕರು ಸಮಾಧಾನಪಟ್ಟುಕೊಳ್ಳುವುದುಂಟು. ಪಾಸ್‌ವರ್ಡ್ ಒಂದೇ ಆಗಿದ್ದರೆ ಕಂಪನಿಯಲ್ಲಾದರೂ ಆ ಜಾಡು 'ಅಡ್ಮಿನ್' ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ದಾಸ್ತಾನಿನಲ್ಲಿ ಹತ್ತು ಮೂಟೆ ಕಡಿಮೆ ಬಿದ್ದ ದಿನ ಸಂಶಯ ಬೀಳುವುದು ಗಣಕಯಂತ್ರದ ಮುಂದೆ ಹೆಚ್ಚು ಹೊತ್ತು ಕುಳಿತವನ ಮೇಲೆ. ಪುಸ್ತಕದ ಕಾಲದ ಗುಮಾಸ್ತನಾಗಿದ್ದರೆ ಪುಟ ತೆರೆದು, ಇದು ತನ್ನ ಅಕ್ಷರವಲ್ಲವೆಂದು ತೋರಿಸುತ್ತಿದ್ದ.