ಡಿಕ್ಕಿ ತುಂಬಾ ಬಾಸ್ ಬೇಡ, ಮೊದಲು ಬಾಗಿಲು ನೋಡಿ

ನಮ್ಮ ಹಾಸ್ಟೆಲ್ ಗೇಟ್ ಮುಂದೆ ವಾರಕ್ಕೆ ಎರಡು ಮೂರು ಸಲ ಒಂದು ಕಾರು ಹೋಗುತ್ತೆ. ಒಳಗೆ ಯಾವ ಹಾಡು ಬರ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಕೇಳಿಸೋದು ಎರಡೇ. ಒಂದು ಧಬ್ ಧಬ್ ಅನ್ನೋ ಶಬ್ದ, ಇನ್ನೊಂದು ಅದರ ಜೊತೆಗೆ ಹಿಂದಿನ ನಂಬರ್ ಪ್ಲೇಟ್ ಗಡಗಡ ಅನ್ನೋ ಶಬ್ದ. ನನ್ನ ರೂಮ್‌ಮೇಟ್ ಪ್ರತಿ ಸಲ "ಏನ್ ಸಿಸ್ಟಮ್ ಗುರು!" ಅಂತಾನೆ. ಆರು ತಿಂಗಳ ಹಿಂದೆ ನಾನೂ ಹಾಗೇ ಅಂತಿದ್ದೆ. ಈಗ ನನಗೆ ನಂಬರ್ ಪ್ಲೇಟ್ ಮಾತ್ರ ಕೇಳಿಸುತ್ತೆ.

ನನ್ನ ವಾದ ಇಷ್ಟೇ. ಮೊದಲ ಸಲ ಕಾರಿನ ಸೌಂಡ್ ಸಿಸ್ಟಮ್ ಬದಲಾಯಿಸೋ ನಾವೆಲ್ಲ ದುಡ್ಡನ್ನ ಉಲ್ಟಾ ಕ್ರಮದಲ್ಲಿ ಖರ್ಚು ಮಾಡ್ತೀವಿ. ಮೊದಲು ದೊಡ್ಡ ಟಚ್‌ಸ್ಕ್ರೀನ್, ಆಮೇಲೆ ಡಿಕ್ಕಿಗೆ ಸಬ್‌ವೂಫರ್, ಕೊನೆಗೆ ಏನಾದ್ರೂ ಉಳಿದ್ರೆ ಮುಂದಿನ ಸ್ಪೀಕರ್. ಬಾಗಿಲಿನ ಬಗ್ಗೆ, ವೈರ್ ಬಗ್ಗೆ, ಫ್ಯೂಸ್ ಬಗ್ಗೆ ಯೋಚನೆಯೇ ಇಲ್ಲ. ಬೇರೆಯವರು ಈ ತಪ್ಪು ಮಾಡಿದ್ರೆ ಒಪ್ಪಬಹುದು. ಇಂಜಿನಿಯರಿಂಗ್ ಓದೋ ನಾವು ಮಾಡಬಾರದು. ಯಾಕಂದ್ರೆ ಇದಕ್ಕೆ ಬೇಕಾದ ಲೆಕ್ಕ ಎಲ್ಲ ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲೇ ಇತ್ತು. ನಾವು ಅದನ್ನ ಪರೀಕ್ಷೆಗೆ ಬರೆದು ಮರೆತುಬಿಟ್ವಿ.

ಬೇರೆಯವರಿಗೆ ಬೈಯೋ ಮೊದಲು ನನ್ನ ಕಥೆ ಹೇಳಿಬಿಡ್ತೀನಿ.

ಅಪ್ಪನ ಕಾರು 2012ರ ಮಾಡೆಲ್, ಸಣ್ಣ ಹ್ಯಾಚ್‌ಬ್ಯಾಕ್. ಅದರಲ್ಲಿ ಅಪ್ಪ ದಿನಾ ತುಮಕೂರಿನಿಂದ ಗುಬ್ಬಿಗೆ ಕೆಲಸಕ್ಕೆ ಹೋಗಿ ಬರ್ತಾರೆ. ಎಡಗಡೆ ಬಾಗಿಲ ಸ್ಪೀಕರ್‌ನ ಕೋನ್ ಹರಿದು ಎರಡು ವರ್ಷ ಆಗಿತ್ತು. ಅಪ್ಪ ಬ್ಯಾಲೆನ್ಸ್ ಪೂರ್ತಿ ಬಲಕ್ಕೆ ತಿರುಗಿಸಿ ಒಂದೇ ಸ್ಪೀಕರ್‌ನಲ್ಲಿ ಹಳೇ ಹಾಡು ಕೇಳ್ತಿದ್ರು. ರಜೆಯಲ್ಲಿ ಪಿಯು ಹುಡುಗರಿಗೆ ಗಣಿತದ ಟ್ಯೂಷನ್ ಹೇಳಿ ನಾನು 9,000 ರೂಪಾಯಿ ಕೂಡಿಟ್ಟಿದ್ದೆ. ಅಪ್ಪನಿಗೆ ಸರ್‌ಪ್ರೈಸ್ ಕೊಡೋಣ ಅಂತ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ.

ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಬಾಸ್ ಬೇಕಾ ಬಾಸ್?" ಬೇಕು ಅಂದೆ. 1200 ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ ಡಬ್ಬ ತೋರಿಸಿದ್ರು. ಒಳಗೇ ಆಂಪ್ ಇರೋ ಸಬ್‌ವೂಫರ್. 5,500ಕ್ಕೆ ಮಾತಾಡಿ ತಗೊಂಡೆ. ಊರಿನ ಹತ್ತಿರ ಒಂದು ಕಡೆ ಫಿಟಿಂಗ್ ಮಾಡಿಸಿದೆ. ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಅಪ್ಪ ಕೇಳಿದ್ರು, "ಪುಟ್ಟ, ಚೆನ್ನಾಗಿದೆ. ಆದ್ರೆ ತೆಂಗಿನಕಾಯಿ ಚೀಲ ಎಲ್ಲಿಡ್ಲಿ?" ಹಾಡುಗಾರರ ದನಿ ಮೊದಲಿಗಿಂತ ಕಡಿಮೆ ಕೇಳಿಸ್ತಿದೆ ಅಂತ ಅವರು ಹೇಳಲಿಲ್ಲ, ನನಗೇ ಗೊತ್ತಾಯ್ತು. ಮುಂದಿನ ಸ್ಪೀಕರ್ ಹರಿದದ್ದು ಹರಿದ ಹಾಗೇ ಇತ್ತಲ್ಲ!

ಮೂರು ವಾರ ಆದಮೇಲೆ ಅದನ್ನ ಬಿಚ್ಚೋಕೆ ನಾನೇ ಕೂತೆ. ಆಗ ನೋಡಿದ್ದು ನೆನೆಸಿಕೊಂಡ್ರೆ ಈಗಲೂ ಕೈ ನಡುಗುತ್ತೆ. ಬ್ಯಾಟರಿಯಿಂದ ಸೀದಾ ಡಿಕ್ಕಿವರೆಗೆ ಕೆಂಪು ವೈರ್ ಎಳೆದಿದ್ರು. ಬ್ಯಾಟರಿ ಹತ್ತಿರ ಫ್ಯೂಸ್ ಇಲ್ಲ. ಇಂಜಿನ್ ಕಡೆಯಿಂದ ಒಳಗೆ ಬರೋ ತಗಡಿನ ತೂತಿಗೆ ರಬ್ಬರ್ ಬುಷ್ ಇಲ್ಲ. ಆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರ್‌ನ ಪ್ಲಾಸ್ಟಿಕ್ ಸವೆದು ತಾಮ್ರ ಕಾಣ್ತಿತ್ತು.

ಇದರ ಅರ್ಥ ಏನು ಗೊತ್ತಲ್ಲ? ಕಾರಿನ ಬಾಡಿಯೇ ಬ್ಯಾಟರಿಯ ನೆಗೆಟಿವ್. ಆ ತಾಮ್ರ ತಗಡಿಗೆ ಸರಿಯಾಗಿ ತಾಗಿದ್ರೆ ಶಾರ್ಟ್ ಸರ್ಕ್ಯೂಟ್. 12 ವೋಲ್ಟ್ ತಾನೇ, ಏನಾಗುತ್ತೆ ಅಂತ ನಾವು ಅಂದ್ಕೊಳ್ತೀವಿ. ಕಾರಿನ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಓಮ್‌ನ ನೂರನೇ ಒಂದು ಭಾಗದಷ್ಟು. ಓಮ್ಸ್ ಲಾ ಹಾಕಿ ನೋಡಿ, ಕರೆಂಟ್ ನೂರಾರು ಆಂಪಿಯರ್‌ಗೆ ಹೋಗುತ್ತೆ. ವೈರ್‌ನಲ್ಲಿ ಹುಟ್ಟೋ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ವೈರ್ ಕೆಂಪಗಾಗಿ ಪಕ್ಕದ ಕಾರ್ಪೆಟ್ಟಿಗೆ ಬೆಂಕಿ ಹತ್ತೋಕೆ ಹೆಚ್ಚು ಹೊತ್ತು ಬೇಕಿಲ್ಲ. ಆ ಕಾರಲ್ಲಿ ನಮ್ಮಪ್ಪ ಮೂರು ವಾರ ಗುಬ್ಬಿಗೆ ಹೋಗಿ ಬಂದಿದ್ರು. ಫಿಟಿಂಗ್ ಮಾಡಿದವರ ತಪ್ಪು ಹೌದು. ಆದ್ರೆ ಪಕ್ಕದಲ್ಲೇ ನಿಂತು ಫೋನ್ ನೋಡ್ತಿದ್ದ ಇಂಜಿನಿಯರಿಂಗ್ ಸ್ಟೂಡೆಂಟ್ ನಾನು. "ಫ್ಯೂಸ್ ಎಲ್ಲಿ ಅಣ್ಣ?" ಅಂತ ಒಂದು ಪ್ರಶ್ನೆ ಕೇಳಲಿಲ್ಲ.

ಅದಕ್ಕೇ ನನ್ನ ಮೊದಲ ರೂಲ್ ಸೌಂಡ್ ಬಗ್ಗೆ ಅಲ್ಲ. ಬ್ಯಾಟರಿಯಿಂದ ಹೊಸ ವೈರ್ ಎಳೆದ್ರೆ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇರೋದು ಆಂಪ್ ಉಳಿಸೋಕೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಈ ಫ್ಯೂಸ್ ಇರೋದು ವೈರ್ ಉಳಿಸೋಕೆ. ಡಿಕ್ಕಿಯಲ್ಲಿರೋ ಆಂಪ್ ಪಕ್ಕ ಹಾಕಿದ್ರೆ ಮಧ್ಯದ ನಾಲ್ಕು ಮೀಟರ್ ವೈರಿಗೆ ರಕ್ಷಣೆಯೇ ಇಲ್ಲ. ಫ್ಯೂಸಿನ ಆಂಪಿಯರ್ ವೈರ್ ತಡೆಯೋದಕ್ಕಿಂತ ಜಾಸ್ತಿ ಇರಬಾರದು. ತಗಡಿನ ತೂತಿಗೆ ರಬ್ಬರ್ ಬುಷ್ ಬೇಕು. ಕೆಲಸ ಶುರು ಮಾಡೋ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಏರ್‌ಬ್ಯಾಗ್ ಇರೋ ಜಾಗದ ಪ್ಲಾಸ್ಟಿಕ್ ಕವರ್ ಮುಟ್ಟಲೇಬಾರದು.

ಈಗ ಡಬ್ಬದ ಮೇಲಿನ ವ್ಯಾಟ್ ವಿಷಯಕ್ಕೆ ಬರೋಣ. ಎಷ್ಟೋ ಕಾರ್ ಸ್ಟೀರಿಯೊ ಮೇಲೆ "50 ವ್ಯಾಟ್ × 4" ಅಂತ ಇರುತ್ತೆ. ಈ 50 ಎಲ್ಲಿಂದ ಬಂತು? ಇಂಜಿನ್ ಓಡುವಾಗ ಕಾರಿನ ಸಪ್ಲೈ ಸುಮಾರು 14.4 ವೋಲ್ಟ್. ಸ್ಪೀಕರ್ 4 ಓಮ್. ಸ್ಟೀರಿಯೊ ಒಳಗಿನ ಚಿಪ್ ಸ್ಪೀಕರ್‌ನ ಎರಡೂ ತುದಿಯನ್ನ ಓಡಿಸೋದ್ರಿಂದ ಎರಡೂ ದಿಕ್ಕಿಗೆ ಹೆಚ್ಚೆಂದರೆ ಆ 14.4 ವೋಲ್ಟ್ ಸಿಗುತ್ತೆ. ವಿ ಸ್ಕ್ವೇರ್ ಬೈ ಆರ್: 14.4 × 14.4 ÷ 4 = 51.84 ವ್ಯಾಟ್. ಸಿಕ್ಕಿತಲ್ಲ 50! ಆದ್ರೆ ಇದು ಪೂರ್ತಿ ಸ್ಕ್ವೇರ್ ವೇವ್‌ಗೆ, ಅಂದ್ರೆ ಹಾಡು ಚಪ್ಪಟೆಯಾಗಿ ಒಡೆದು ಹೋದಾಗ ಸಿಗೋ ಪವರ್. ಸೈನ್ ವೇವ್ ಆದ್ರೆ ಇದರ ಅರ್ಧ, ಸುಮಾರು 26. ಚಿಪ್ ಒಳಗೆ ಹೋಗೋ ವೋಲ್ಟೇಜ್ ಕಳೆದ್ರೆ, ಹಾಡು ಒಡೆಯದೆ ಸಿಗೋದು 20 ವ್ಯಾಟ್ ಆಸುಪಾಸು. ಡಬ್ಬದ ಮೇಲಿರೋದು ಪೂರ್ತಿ ಸುಳ್ಳಲ್ಲ, ಉಪಯೋಗಕ್ಕೆ ಬಾರದ ಸತ್ಯ. ಹಾಗಾಗಿ "ಪೀಕ್", "ಮ್ಯಾಕ್ಸ್" ಅಂತ ಇರೋ ನಂಬರ್ ಬಿಟ್ಟು ಆರ್.ಎಂ.ಎಸ್. ಎಷ್ಟು ಅಂತ ಕೇಳಿ. ಡಬ್ಬದ ಮೇಲೆ ಆರ್.ಎಂ.ಎಸ್. ಬರೆದೇ ಇಲ್ಲ ಅಂದ್ರೆ ವಾಪಸ್ ಇಟ್ಟುಬಿಡಿ.

ಇನ್ನೊಂದು ವಿಷಯ. ವ್ಯಾಟ್ ಎರಡರಷ್ಟಾದ್ರೆ ಶಬ್ದ ಎರಡರಷ್ಟು ಆಗಲ್ಲ, 3 ಡೆಸಿಬಲ್ ಮಾತ್ರ ಏರುತ್ತೆ. ಕಿವಿಗೆ ಎರಡರಷ್ಟು ಅನ್ನಿಸಬೇಕಂದ್ರೆ ಸುಮಾರು 10 ಡೆಸಿಬಲ್, ಅಂದ್ರೆ ಹತ್ತರಷ್ಟು ಪವರ್ ಬೇಕು. ಅದೇ, 89 ಡೆಸಿಬಲ್ ಸೆನ್ಸಿಟಿವಿಟಿ ಇರೋ ಸ್ಪೀಕರ್ ಬದಲು 92 ಇರೋದನ್ನ ಆರಿಸಿಕೊಂಡ್ರೆ ಆಂಪ್ ಮುಟ್ಟದೆಯೇ ಪವರ್ ಎರಡರಷ್ಟು ಮಾಡಿದ ಹಾಗೆ. ಕಂಪನಿ ಸ್ಟೀರಿಯೊದಲ್ಲೇ ಶುರು ಮಾಡೋ ನಮ್ಮಂಥವರು ಮೊದಲು ನೋಡಬೇಕಾದ ನಂಬರ್ ಇದು.

ಸಬ್‌ವೂಫರನ್ನ ಒಬ್ಬ ಸೀನಿಯರ್‌ಗೆ 3,000ಕ್ಕೆ ಮಾರಿದೆ, ಫ್ಯೂಸ್ ಹಾಕಿಸ್ಕೊಳ್ಳಿ ಅಂತ ಹತ್ತು ಸಲ ಹೇಳಿ. 2,500 ಲಾಸ್. ಅದು ನನ್ನ ಟ್ಯೂಷನ್ ಫೀಸ್ ಅಂದ್ಕೊಂಡೆ. ಕೈಯಲ್ಲಿ 6,500 ಉಳೀತು. ಈ ಸಲ ಕ್ರಮ ಸರಿ ಮಾಡಿದೆ. ಮುಂದಿನ ಎರಡು ಬಾಗಿಲಿಗೆ ಡ್ಯಾಂಪಿಂಗ್ ಶೀಟ್ 1,600. ಆರೂವರೆ ಇಂಚಿನ ಒಂದು ಜೊತೆ ಸ್ಪೀಕರ್ 3,400. ಕಂಪನಿ ವೈರ್ ಕಟ್ ಮಾಡದೆ ಜೋಡಿಸೋಕೆ ಕಪ್ಲರ್, ಮತ್ತೆ ಸ್ಪೀಕರ್ ಕೂರಿಸೋ ರಿಂಗ್ 500. ಒಟ್ಟು 5,500. ಸಬ್‌ವೂಫರಿಗೆ ಕೊಟ್ಟಷ್ಟೇ ದುಡ್ಡು!

ಬಾಗಿಲಿಗೆ ಯಾಕೆ ದುಡ್ಡು ಅಂತ ಎಲ್ಲರೂ ನಕ್ಕರು. ಸ್ಪೀಕರ್ ಕೋನ್ ಮುಂದೆ ಗಾಳಿ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತೆ. ಬಾಗಿಲ ಒಳಗಿನ ತಗಡಿನಲ್ಲಿ ದೊಡ್ಡ ದೊಡ್ಡ ಕಿಂಡಿಗಳಿದ್ರೆ ಹಿಂದಿನ ಅಲೆ ಮುಂದೆ ಬಂದು ಸೇರಿ ಬಾಸ್ ಕ್ಯಾನ್ಸಲ್ ಆಗುತ್ತೆ. ಆ ಕಿಂಡಿ ಮುಚ್ಚಿ, ಹೊರಗಿನ ತಗಡಿಗೆ ಶೀಟ್ ಅಂಟಿಸಿದ್ರೆ ಬಾಗಿಲೇ ಸ್ಪೀಕರ್ ಬಾಕ್ಸ್ ಆಗುತ್ತೆ. ಎರಡು ಎಚ್ಚರಿಕೆ: ಬಾಗಿಲ ಕೆಳಗಡೆ ನೀರು ಹೋಗೋ ತೂತು ಮುಚ್ಚಬೇಡಿ, ತುಕ್ಕು ಹಿಡಿಯುತ್ತೆ. ಸ್ಪೀಕರ್ ತಗೊಳ್ಳೋ ಮೊದಲು ಗ್ಲಾಸ್ ಪೂರ್ತಿ ಇಳಿಸಿ ಆಳ ಅಳೆಯಿರಿ. ಇಲ್ಲಾಂದ್ರೆ ಮ್ಯಾಗ್ನೆಟ್ಟಿಗೆ ಗ್ಲಾಸ್ ಬಡಿಯುತ್ತೆ.

ಎಲ್ಲ ಜೋಡಿಸಿ ಹಾಡು ಹಾಕಿದ್ರೆ ಬಾಸ್ ಮೊದಲಿಗಿಂತ ಕಡಿಮೆ! ಹೊಟ್ಟೆ ತಣ್ಣಗಾಯ್ತು. ಬೀದಿ ಕೊನೆಯ ಎಲೆಕ್ಟ್ರಿಷಿಯನ್ ಅಣ್ಣನನ್ನ ಕರೆದೆ. ಅವರು ಬ್ಯಾಲೆನ್ಸ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದ್ರು. ಒಂದೇ ಸ್ಪೀಕರ್ ಓಡುವಾಗ ಬಾಸ್ ಇತ್ತು, ಎರಡೂ ಓಡುವಾಗ ಇರಲಿಲ್ಲ. "ಏನ್ ಮಾಡಿದ್ದೀಯಪ್ಪ, ಒಂದು ಒಳಗೆ ಎಳೀತಿದೆ, ಇನ್ನೊಂದು ಹೊರಗೆ ತಳ್ತಿದೆ. ಬಾಸ್ ಎಲ್ಲಿಂದ ಬರ್ಬೇಕು?" ಅಂದ್ರು. ಎಡಗಡೆ ಪ್ಲಸ್ ಮೈನಸ್ ಉಲ್ಟಾ ಕೊಟ್ಟಿದ್ದೆ. ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ ತಾಗಿಸಿ ನೋಡೋದನ್ನೂ ಅವರೇ ತೋರಿಸಿದ್ರು. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ತಾಗಿದ್ರೆ ಕೋನ್ ಹೊರಗೆ ಬರುತ್ತೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು. 180 ಡಿಗ್ರಿ ಫೇಸ್ ಡಿಫರೆನ್ಸ್ ಅಂತ ಎಷ್ಟು ಸಲ ಬರೆದಿದ್ದೀನೋ. ಅದು ಅರ್ಥ ಆಗಿದ್ದು ಆ ದಿನ, ಕನ್ನಡದಲ್ಲಿ.

ಬಾಸ್ ಇಷ್ಟಪಡೋದು ತಪ್ಪಾ ಅಂತ ಕೇಳಬಹುದು. ಖಂಡಿತ ಇಲ್ಲ. ಬಾಗಿಲ ಸ್ಪೀಕರ್ ಕೊಡಲಾಗದ ಕೆಳಗಿನ ಸ್ವರಗಳಿಗೆ ಸಬ್‌ವೂಫರೇ ಬೇಕು. ಆದ್ರೆ ಅದು ಕೊನೆಯ ಮೆಟ್ಟಿಲು. 300 ವ್ಯಾಟ್ ಆರ್.ಎಂ.ಎಸ್. ಆಂಪ್ ಪೂರ್ತಿ ಓಡಿದ್ರೆ, ದಕ್ಷತೆ 80 ಪರ್ಸೆಂಟ್ ಅಂದ್ಕೊಂಡ್ರೂ, ಸುಮಾರು 27 ಆಂಪಿಯರ್ ಎಳೆಯುತ್ತೆ. 55 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬ್ ಎಳೆಯೋದು 9 ಆಂಪಿಯರ್. ಹಾಡಿನಲ್ಲಿ ಸರಾಸರಿ ಇದಕ್ಕಿಂತ ಕಡಿಮೆ ಇರುತ್ತೆ, ಸರಿ. ಆದ್ರೂ ವೈರ್, ಫ್ಯೂಸ್, ಅರ್ಥಿಂಗ್ ಎಲ್ಲ ಆ ಲೆಕ್ಕಕ್ಕೇ ಇರಬೇಕು. ಅದಕ್ಕೆ ದುಡ್ಡಿಲ್ಲ ಅಂದ್ರೆ ಸಬ್‌ವೂಫರಿಗೂ ದುಡ್ಡಿಲ್ಲ ಅಂತಲೇ ಅರ್ಥ.

ಟಚ್‌ಸ್ಕ್ರೀನ್ ಬಗ್ಗೆಯೂ ಅಷ್ಟೇ. ಮ್ಯಾಪ್ ಬೇಕು, ರಿವರ್ಸ್ ಕ್ಯಾಮೆರಾ ಬೇಕು ಅಂದ್ರೆ ಹಾಕಿಸಿ. ಹರಿದ ಸ್ಪೀಕರನ್ನ ಅದು ಸರಿ ಮಾಡಲ್ಲ.

ಇನ್ನು ರಸ್ತೆಯಲ್ಲಿ ಕಿವಿ ನಮ್ಮದು ಮಾತ್ರ ಅಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ನಮ್ಮ ಕಿವಿಯ ಲೆಕ್ಕವೂ ಇದೆ. 85 ಡೆಸಿಬಲ್ ಶಬ್ದ ದಿನಕ್ಕೆ ಎಂಟು ಗಂಟೆ ತಡೆಯಬಹುದು ಅಂತ ಇಟ್ಟುಕೊಂಡ್ರೆ, ಪ್ರತಿ 3 ಡೆಸಿಬಲ್ ಏರಿದ ಹಾಗೆ ಆ ಸಮಯ ಅರ್ಧ ಆಗುತ್ತೆ. 100 ಡೆಸಿಬಲ್‌ಗೆ ಬರೀ ಕಾಲು ಗಂಟೆ. ಹಿಂದೆ ಆಂಬುಲೆನ್ಸ್ ಬಂದ್ರೂ ಕೇಳಿಸದಷ್ಟು ಜೋರಾಗಿ ಹಾಡು ಹಾಕೋದು ಅಪ್‌ಗ್ರೇಡ್ ಅಲ್ಲ.

ವೈರ್ ಸರಿ ಮಾಡಿದ ಮೇಲೆ ಒಂದು ಭಾನುವಾರ ಅಪ್ಪ ಡ್ರೈವ್ ಮಾಡ್ತಾ 1981ರ 'ಗೀತಾ' ಸಿನಿಮಾದ ಹಾಡು ಹಾಕಿದ್ರು. ಇಳಯರಾಜ ಸಂಗೀತ. ವಾಲ್ಯೂಮ್ ಅರ್ಧವೂ ಇರಲಿಲ್ಲ. ಕ್ಯಾತ್ಸಂದ್ರ ದಾಟೋವರೆಗೆ ಏನೂ ಮಾತಾಡಲಿಲ್ಲ. ಆಮೇಲೆ, "ಪುಟ್ಟ, ಇದರಲ್ಲಿ ಗಿಟಾರ್ ಹೀಗೆ ಓಡುತ್ತಾ? ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ" ಅಂದ್ರು. ಬ್ಯಾಲೆನ್ಸ್ ಮಧ್ಯದಲ್ಲಿತ್ತು. ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಇತ್ತು.

ನಿಮ್ಮ ಮನೆ ಕಾರಿಗೂ ಏನಾದ್ರೂ ಮಾಡಬೇಕು ಅಂತಿದ್ರೆ ದುಡ್ಡು ಕೊಡೋ ಮೊದಲು ಒಮ್ಮೆ ಬಂದು ಮಾತಾಡಿ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಡೋರ್ ಪ್ಯಾಡ್ ಬಿಚ್ಚೋ ಪ್ಲಾಸ್ಟಿಕ್ ಟೂಲ್ ಇದೆ, ಗಡಿಯಾರದ ಸೆಲ್ಲೂ ಇದೆ. ಈಗಾಗಲೇ ಆಂಪ್ ಹಾಕಿಸಿರೋರು ಇವತ್ತೇ ಬಾನೆಟ್ ಎತ್ತಿ, ಬ್ಯಾಟರಿ ಪಕ್ಕ ಫ್ಯೂಸ್ ಇದೆಯಾ ನೋಡಿ. ಹಾಸ್ಟೆಲ್ ಗೇಟ್ ಮುಂದೆ ಹೋಗೋ ಆ ಕಾರಿನವರು ಇದನ್ನ ಓದ್ತಿದ್ರೆ, ನೀವೂ ನೋಡಿ. ಹಾಗೇ ನಂಬರ್ ಪ್ಲೇಟ್ ಸ್ಕ್ರೂ ಒಂಚೂರು ಟೈಟ್ ಮಾಡ್ಕೊಳ್ಳಿ ಸರ್.