ಕುಂಡದ ಆಲಕ್ಕೆ ಬಂದ ವ್ಯಾಧಿ

ದಢೇಸುಗೂರಿನ ನಮ್ಮ ಮನೆಯಲ್ಲಿ, ಸ್ವರ್ಗಸ್ಥಳಾದ ಪತ್ನಿಯು ಜಪಾನಿನ ಬೋನ್ಸಾಯ್ ಕ್ರಮದಂತೆ ಕುಂಡದಲ್ಲಿ ಬೆಳೆಸಿದ ವಾಮನರೂಪದ ಆಲವೊಂದುಂಟು. ಕಳೆದ ಬೇಸಿಗೆಯಲ್ಲಿ ಅದರ ಎಲೆಗಳ ಅಂಚು ಸುಟ್ಟಂತಾಯಿತು. ಬಾಯಾರಿಕೆಯೆಂದು ಬಗೆದು ಕೊಳವೆಬಾವಿಯ ನೀರನ್ನೂ ಗೊಬ್ಬರವನ್ನೂ ಹೆಚ್ಚಿಸಿದೆವು, ರೋಗವೂ ಹೆಚ್ಚಿತು. ಸುರಪಾಲನ ‘ವೃಕ್ಷಾಯುರ್ವೇದ’ವು ಗಿಡಮರಗಳಿಗೂ ವಾತಪಿತ್ತಕಫಗಳಿಂದ ರೋಗನಿದಾನವನ್ನು ಹೇಳುತ್ತದೆ, ನಿದಾನಕ್ಕೆ ಮೊದಲೇ ಚಿಕಿತ್ಸೆಗಿಳಿದುದು ನಮ್ಮ ದೋಷ.

ಎಲೆಯಡಿಯಲ್ಲಿ ನವುರಾದ ಬಲೆಯಿದ್ದರೆ ನುಸಿ. ಹರಡುವ ಚುಕ್ಕೆಯಿದ್ದರೆ ಬಹುಶಃ ಬೂಷ್ಟು. ಇಲ್ಲಿ ಅವಿರಲಿಲ್ಲ; ಕುಂಡದ ಬಾಯಲ್ಲಿ ಬಿಳಿಯ ಉಪ್ಪು ಹೆಪ್ಪುಗಟ್ಟಿತ್ತು. ಸವುಳು ನೀರು ಆರಿದರೂ ಅದರ ಉಪ್ಪು ಮಣ್ಣಿನಲ್ಲುಳಿದು, ಬೇರು ನೀರನ್ನು ಹೀರದಂತೆ ತಡೆಯುತ್ತದೆ.

ಕಾಲುವೆಗೆ ತುಂಗಭದ್ರೆಯ ಸಿಹಿನೀರು ಬಂದೊಡನೆ ತಳದ ರಂಧ್ರವನ್ನು ಬಿಡಿಸಿ, ಕುಂಡದ ಮೂರರಷ್ಟು ನೀರನ್ನು ಮೆಲ್ಲನೆ ಹರಿಯಿಸಿದೆವು; ಗೊಬ್ಬರವನ್ನು ನಿಲ್ಲಿಸಿ, ಪಡುವಣ ಬಿಸಿಲಿನಿಂದ ಸರಿಸಿದೆವು. ಸುಟ್ಟ ಎಲೆಯು ಮರಳಿ ಹಸುರಾಗದು. ಹೊಸ ಚಿಗುರೇ ಗುಣದ ಸಾಕ್ಷಿ. ಅದೀಗ ಮೂಡಿದೆ.